ಮಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಮಣ್ಣಿನ ಮಾತು ಬಂದಾಗಲೆಲ್ಲ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇವೆ. ಸುಲಭದವು ಮೊದಲು, ಅಳತೆ ಮತ್ತು ಲೆಕ್ಕ ಬೇಡುವವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮಣ್ಣು ಹುಟ್ಟುವ ಬಗೆ

ಮಣ್ಣು ಅಂದರೆ ಪುಡಿಯಾದ ಕಲ್ಲೇ ತಾನೆ?

ಕಲ್ಲಿನ ಪುಡಿ ಅರ್ಧ ಪಾಲು ಮಾತ್ರ. ಒಳ್ಳೆಯ ಮೇಲ್ಮಣ್ಣಿನ ಗಾತ್ರದಲ್ಲಿ ಸುಮಾರು ಶೇ. 45 ಖನಿಜ ಕಣಗಳು, ಹೆಚ್ಚೆಂದರೆ ಶೇ. 5 ಸಾವಯವ ವಸ್ತು. ಉಳಿದ ಅರ್ಧ ಖಾಲಿ ಜಾಗ. ಅದನ್ನು ನೀರು ಮತ್ತು ಗಾಳಿ ಹಂಚಿಕೊಂಡಿರುತ್ತವೆ: ಮಳೆ ಬಿದ್ದಾಗ ನೀರಿನ ಪಾಲು ಏರುತ್ತದೆ, ಒಣಗಿದಂತೆ ಗಾಳಿಯ ಪಾಲು ಏರುತ್ತದೆ. ಬೇರು ಉಸಿರಾಡುವುದು, ನೀರು ಇಂಗುವುದು, ಎರೆಹುಳ ಓಡಾಡುವುದು ಎಲ್ಲವೂ ಈ ಖಾಲಿ ಜಾಗದಲ್ಲೇ. ಕಲ್ಲಿನ ಪುಡಿಗೆ ನೀರು ಹಾಕಿ ಬಿಟ್ಟರೆ ಅದು ಹೆಪ್ಪುಗಟ್ಟುತ್ತದೆ, ಏಕೆಂದರೆ ಅದರಲ್ಲಿ ಈ ಸಂದುಗಳನ್ನು ಕಟ್ಟಿ ನಿಲ್ಲಿಸುವ ಅಂಟು ಇಲ್ಲ. ಮುಂದಿನ ಬಹುತೇಕ ಉತ್ತರಗಳು ಸುತ್ತಿ ಬಳಸಿ ಈ ಖಾಲಿ ಜಾಗಕ್ಕೇ ಬರುತ್ತವೆ.

ಗಟ್ಟಿ ಬಂಡೆ ಮಣ್ಣಾಗುವುದು ಹೇಗೆ?

ಮೊದಲು ಒಡೆಯುತ್ತದೆ, ಆಮೇಲೆ ಬದಲಾಗುತ್ತದೆ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದರಿಂದ ಬಂಡೆ ಬಿರುಕು ಬಿಡುತ್ತದೆ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದರೆ ಗಾತ್ರದಲ್ಲಿ ಸುಮಾರು ಶೇ. 9 ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಬೇರು ಹೊಕ್ಕು ದಪ್ಪವಾಗುವಾಗಲೂ ಅದೇ ಕೆಲಸ. ಇಷ್ಟರಿಂದ ಜಲ್ಲಿ, ಮರಳು ಆಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ.

ಬದಲಾವಣೆ ತರುವುದು ನೀರು. ಮಳೆನೀರು ಗಾಳಿಯಿಂದಲೂ ಬೇರುಗಳ ಉಸಿರಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತೆಳು ಆಮ್ಲವಾಗುತ್ತದೆ. ಆ ಆಮ್ಲ ಬೆಣಚುಕಲ್ಲನ್ನು ಅಲುಗಿಸಲಾರದು, ಹಾಗಾಗಿ ಅದು ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್‌ನಂಥ ಖನಿಜಗಳು ಮಾತ್ರ ಕರಗುತ್ತಾ ಜೇಡಿ ಕಣಗಳಾಗಿ ಮರುಹುಟ್ಟು ಪಡೆಯುತ್ತವೆ. ಪೊಟ್ಯಾಶಿಯಂ, ಕ್ಯಾಲ್ಸಿಯಂ ಬಿಡುಗಡೆಯಾಗುತ್ತವೆ. ಕಬ್ಬಿಣ ತುಕ್ಕು ಹಿಡಿದು ಕೆಂಪು ಬಣ್ಣ ಕೊಡುತ್ತದೆ. ಬಂಡೆಯ ಮೇಲಿನ ಕಲ್ಲುಹೂವು, ಪಾಚಿ, ಆಮೇಲೆ ಬರುವ ಹುಲ್ಲು ಸತ್ತು ಕೊಳೆತು ಇದಕ್ಕೆ ಜೀವಾಂಶ ಸೇರಿಸುತ್ತವೆ.

ಒಂದೇ ಜಾತಿಯ ಬಂಡೆಯಿಂದ ಬೇರೆ ಬೇರೆ ಕಡೆ ಬೇರೆ ಬೇರೆ ಮಣ್ಣಾಗುತ್ತದೆ. ಹವೆ, ಜೀವಿಗಳು, ನೆಲದ ಏರಿಳಿತ, ಮೂಲ ಬಂಡೆ, ಕಾಲ ಎಂಬ ಐದರ ಕೂಡಾಟದಿಂದ ಹೀಗಾಗುತ್ತದೆ ಎಂಬ ತಿಳಿವಳಿಕೆಗೆ ತಳಹದಿ ಹಾಕಿದವರು ರಷ್ಯಾದ ಮಣ್ಣುವಿಜ್ಞಾನಿ ವಸೀಲಿ ದೊಕುಚಾಯೆವ್, 1880ರ ದಶಕದಲ್ಲಿ. 1941ರಲ್ಲಿ ಇನ್ನೊಬ್ಬ ಮಣ್ಣುವಿಜ್ಞಾನಿ ಹಾನ್ಸ್ ಯೆನ್ನಿ ಅದನ್ನು ಸಮೀಕರಣದ ರೂಪಕ್ಕೆ ತಂದರು.

ಒಂದು ಸೆಂಟಿಮೀಟರ್ ಮಣ್ಣಾಗಲು ಎಷ್ಟು ವರ್ಷ ಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಬಿಸಿ, ತೇವ ಎರಡೂ ಇರುವ ಕಡೆ ಜ್ವಾಲಾಮುಖಿಯ ಬೂದಿ ಬೇಗ ಮಣ್ಣಾಗುತ್ತದೆ. ಒಣ ಚಳಿಯ ನಾಡಿನ ಗಟ್ಟಿ ಗ್ರಾನೈಟಿಗೆ ಸಾವಿರಾರು ವರ್ಷ ಹಿಡಿಯುತ್ತದೆ. ಸಾಮಾನ್ಯವಾಗಿ ಒಂದು ಸೆಂ.ಮೀ.ಗೆ ಕೆಲವು ನೂರು ವರ್ಷ ಎಂದಿಟ್ಟುಕೊಳ್ಳಿ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. 'ಹತ್ತು ವರ್ಷದಲ್ಲಿ ಹೊಸ ಮಣ್ಣು ಮಾಡಿದೆ' ಎನ್ನುವವರು ಇರುವ ಕೆಳಮಣ್ಣಿಗೆ ಜೀವಾಂಶ ಸೇರಿಸಿ ಅದನ್ನು ಕಪ್ಪು ಮೇಲ್ಮಣ್ಣಾಗಿ ಬದಲಾಯಿಸಿರುತ್ತಾರೆ. ಅದು ಆಗುವ ಕೆಲಸವೇ, ಒಳ್ಳೆಯ ಕೆಲಸವೂ ಹೌದು. ಆದರೆ ಬಂಡೆಯಿಂದ ಹೊಸ ಖನಿಜ ಕಣ ಹುಟ್ಟುವುದು ಬೇರೆ ಲೆಕ್ಕ. ಒಂದು ಹೆಕ್ಟೇರಿನಿಂದ ಒಂದು ಮಿ.ಮೀ. ಮಣ್ಣು ಹೋದರೆ 10 ಘನ ಮೀಟರ್, ತೂಕದಲ್ಲಿ ಸುಮಾರು 13 ಟನ್ ಹೋದಂತೆ. ಅದು ಕಣ್ಣಿಗೇ ಬೀಳುವುದಿಲ್ಲ. ಅಷ್ಟು ಮರಳಿ ಹುಟ್ಟಲು ದಶಕಗಳು ಬೇಕು.

ಗುಂಡಿ ತೋಡಿದರೆ ಒಂದೊಂದು ಆಳಕ್ಕೆ ಒಂದೊಂದು ಬಣ್ಣ ಇರುತ್ತದಲ್ಲ, ಏನರ್ಥ?

ಮೇಲಿನಿಂದ: ಉದುರಿದ ಎಲೆಯ ಪದರ, ಅದರಡಿ ಕಪ್ಪು ಮೇಲ್ಮಣ್ಣು, ಮೇಲಿನಿಂದ ತೊಳೆದುಬಂದ ಜೇಡಿ ಮತ್ತು ಕಬ್ಬಿಣ ಬಂದು ಕೂತ ಕೆಳಮಣ್ಣು, ಅರೆಬರೆ ಒಡೆದ ಕಲ್ಲು, ಕೊನೆಗೆ ಬಂಡೆ. ಕಾಡಿನ ಕೆಲವು ಮಣ್ಣುಗಳಲ್ಲಿ ಮೇಲ್ಮಣ್ಣು, ಕೆಳಮಣ್ಣಿನ ನಡುವೆ ಬಿಳಿಚಿಕೊಂಡ ಪದರವೂ ಇರುತ್ತದೆ.

ಬಣ್ಣ ಓದುವುದು ಕಲಿತರೆ ಲಾಭವಿದೆ. ಕೆಂಪು, ಹಳದಿ ಇದ್ದರೆ ಅಲ್ಲಿ ಗಾಳಿಯಾಡುತ್ತದೆ. ಬೂದು ಅಥವಾ ನೀಲಿ ಛಾಯೆ ಇದ್ದರೆ ವರ್ಷದ ಬಹುಕಾಲ ನೀರು ನಿಲ್ಲುತ್ತದೆ. ಬೂದು ನೆಲದ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ನೀರಿನ ಮಟ್ಟ ಅಲ್ಲಿವರೆಗೆ ಏರಿ ಇಳಿಯುತ್ತಿರುತ್ತದೆ. ಗುಂಡಿ ಬೇಸಿಗೆಯಲ್ಲಿ ಒಣಗಿ ಕಂಡರೂ ನಂಬಬೇಡಿ. ಬಿಳಿ ಉಂಡೆಗಳ ಮೇಲೆ ವಿನೆಗರ್ ಬಿಟ್ಟಾಗ ನೊರೆ ಬಂದರೆ ಅದು ಸುಣ್ಣ.

ಹೊಸ ಮಳೆಗೆ ಘಮ್ಮೆನ್ನುವ ವಾಸನೆ ಮಣ್ಣಿನದೇ?

ಹೆಚ್ಚಿನ ಪಾಲು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್‌ನದು. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಒಣ ಕಲ್ಲು ಮಣ್ಣಿಗೆ ಅಂಟಿದ ಗಿಡಗಳ ಎಣ್ಣೆಯಂಶವೂ ಸೇರಿಕೊಳ್ಳುತ್ತದೆ. ಈ ಒಟ್ಟು ವಾಸನೆಗೆ 1964ರಲ್ಲಿ ಪೆಟ್ರಿಕೋರ್ ಎಂದು ಹೆಸರಿಟ್ಟರು. ಮಣ್ಣಿನಲ್ಲಿ ಜೀವವಿದೆ ಎನ್ನಲು ಇದು ಗುರುತು. ಎಷ್ಟಿದೆ ಎಂದು ಅಳೆಯಲು ಸಾಲದು.

## ಒಳಗಿನ ಕೆಲಸ

ನನ್ನದು ಜೇಡಿಯೋ, ಮರಳೋ, ಗೋಡೋ? ಮನೆಯಲ್ಲೇ ತಿಳಿಯಲು ಆಗುತ್ತದಾ?

ಆಗುತ್ತದೆ. 2ರಿಂದ 0.05 ಮಿ.ಮೀ. ವರೆಗಿನ ಕಣ ಮರಳು, 0.05ರಿಂದ 0.002 ವರೆಗಿನದು ರೇವೆ, ಅದಕ್ಕೂ ಸಣ್ಣದು ಜೇಡಿ. ಮೂರೂ ಹದವಾಗಿ ಬೆರೆತರೆ ಗೋಡು.

ನೇರ ಬದಿಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದ ಮಣ್ಣು ಹಾಕಿ. ನೀರು ತುಂಬಿ, ಒಂದು ಚಮಚ ಬಟ್ಟೆ ತೊಳೆಯುವ ಪುಡಿ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷಕ್ಕೆ ಕೂತಿದ್ದು ಮರಳು: ಗೆರೆ ಎಳೆಯಿರಿ. ಎರಡು ಗಂಟೆಗೆ ಕೂತಿದ್ದು ರೇವೆ: ಇನ್ನೊಂದು ಗೆರೆ. ಒಂದೆರಡು ದಿನದ ಮೇಲೆ ನೀರು ತಿಳಿಯಾದಾಗ ಮೇಲೆ ಕೂತಿರುವುದು ಜೇಡಿ. ಮೂರರ ದಪ್ಪವನ್ನು ಒಟ್ಟು ದಪ್ಪದಿಂದ ಭಾಗಿಸಿ. ಸೋಪುಪುಡಿ ಹಾಕದಿದ್ದರೆ ಜೇಡಿ ಕಣಗಳು ಉಂಡೆಗಟ್ಟಿ ರೇವೆಯ ಜೊತೆಗೇ ಇಳಿಯುತ್ತವೆ, ಲೆಕ್ಕ ತಪ್ಪುತ್ತದೆ.

ಹೊಲದಲ್ಲೇ ನೋಡಬೇಕಾದರೆ ಒಂದು ಹಿಡಿ ಮಣ್ಣನ್ನು ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು ತೋರುಬೆರಳಿನ ನಡುವೆ ಪಟ್ಟಿಯಂತೆ ಒತ್ತುತ್ತಾ ಹೊರಡಿಸಿ. ಪಟ್ಟಿ ಬರುವುದೇ ಇಲ್ಲವೆಂದರೆ ಮರಳು. 2.5 ಸೆಂ.ಮೀ. ಒಳಗೆ ಮುರಿದರೆ ಗೋಡು, 5ರ ತನಕ ಬಂದರೆ ಜೇಡಿಗೋಡು, ಅದನ್ನು ಮೀರಿದರೆ ಜೇಡಿ.

ಜೇಡಿಮಣ್ಣಿಗೆ ಮರಳು ಬೆರೆಸಿದರೆ ಸಡಿಲ ಆಗುತ್ತದೆ ಅಂತಾರೆ, ನಿಜವಾ?

ಕಾಗದದ ಮೇಲೆ ನಿಜ. ಶೇ. 40 ಜೇಡಿಯನ್ನು ಶೇ. 20ಕ್ಕೆ ಇಳಿಸಲು ಇರುವ ಮಣ್ಣಿನಷ್ಟೇ ತೂಕದ ಮರಳು ಬೇಕು. 15 ಸೆಂ.ಮೀ. ಆಳಕ್ಕೆ ಒಂದು ಚದರ ಮೀಟರಿಗೆ 200 ಕಿಲೊ, ಹೆಕ್ಟೇರಿಗೆ 2000 ಟನ್! ನಾಲ್ಕು ಬುಟ್ಟಿ ಹಾಕಿದರೆ ಮರಳಿನ ಕಾಳುಗಳ ಸಂದಿಯಲ್ಲಿ ಜೇಡಿ ತುಂಬಿಕೊಂಡು ಒಣಗಿದಾಗ ಇಟ್ಟಿಗೆಯಾಗುತ್ತದೆ. ಅದೇ ದುಡಿಮೆಯನ್ನು ಕಾಂಪೋಸ್ಟಿಗೆ ಹಾಕಿ: ವರ್ಷಕ್ಕೆ 3ರಿಂದ 5 ಸೆಂ.ಮೀ. ಮೇಲೆ ಹರಡಿದರೆ ಸಾಕು.

ಕಣದ ಗಾತ್ರವೂ ಮಣ್ಣಿನ ರಚನೆಯೂ ಒಂದೇ ಅಲ್ಲವೇ?

ಅಲ್ಲ. ಇಟ್ಟಿಗೆಗೂ ಮನೆಗೂ ಇರುವಷ್ಟು ವ್ಯತ್ಯಾಸ. ಕಣದ ಗಾತ್ರವನ್ನು ನಾವು ಬದಲಿಸಲಾರೆವು. ಕಣಗಳು ಹೇಗೆ ಜೋಡಣೆಯಾಗಿವೆ ಎಂಬುದನ್ನು ಒಂದೇ ದಿನದಲ್ಲಿ ಕೆಡಿಸಬಹುದು, ಕೆಲವು ವರ್ಷಗಳಲ್ಲಿ ಕಟ್ಟಬಹುದು. ಬೇರು ಒಸರುವ ಸಕ್ಕರೆಯಂಶ, ಬ್ಯಾಕ್ಟೀರಿಯಾದ ಅಂಟು, ಶಿಲೀಂಧ್ರದ ಎಳೆ, ಎರೆಹುಳದ ಹಿಕ್ಕೆ ಸೇರಿ ಕಣಗಳನ್ನು ಚಿಕ್ಕ ಹರಳುಗಳಾಗಿ ಹಿಡಿದಿಡುತ್ತವೆ. ಹರಳಿನ ಒಳಗಿನ ಸಣ್ಣ ರಂಧ್ರದಲ್ಲಿ ನೀರು ನಿಲ್ಲುತ್ತದೆ, ಹರಳುಗಳ ನಡುವಿನ ದೊಡ್ಡ ಸಂದಿನಲ್ಲಿ ಬಸಿದುಹೋಗಿ ಗಾಳಿ ಬರುತ್ತದೆ. ಒಂದೇ ಮಣ್ಣು ನೀರನ್ನು ಹಿಡಿಯುವುದೂ ಬಿಡುವುದೂ ಹೀಗೆ.

ಪರೀಕ್ಷೆ ಸುಲಭ. ಪೂರ್ತಿ ಒಣಗಿದ ಗೋಲಿ ಗಾತ್ರದ ಹೆಂಟೆಯನ್ನು ತಂತಿಬಲೆಯ ಮೇಲಿಟ್ಟು ಮಳೆನೀರಿನಲ್ಲಿ ಮುಳುಗಿಸಿ. ಐದು ನಿಮಿಷವಾದರೂ ಇಡಿಯಾಗಿದ್ದರೆ ಅಂಟು ಗಟ್ಟಿಯಿದೆ. ಅರೆ ನಿಮಿಷದಲ್ಲಿ ಕುಸಿದು ರಾಶಿಯಾದರೆ ಜೋರು ಮಳೆಗೆ ಆ ನೆಲದ ಮೇಲೆ ಹಕ್ಕಳೆ ಕಟ್ಟುವುದು ಖಚಿತ. ಉತ್ತ ನೆಲದ ಹೆಂಟೆಯನ್ನೂ ಬೇಲಿಯಂಚಿನ ಹುಲ್ಲಡಿಯ ಹೆಂಟೆಯನ್ನೂ ಅಕ್ಕಪಕ್ಕ ಹಾಕಿ ನೋಡಿ, ವಿವರಣೆ ಬೇಕಾಗುವುದಿಲ್ಲ.

ಪೊಟ್ಟಣದ ಸೂಕ್ಷ್ಮಾಣು ತಂದು ಹಾಕಲೇಬೇಕಾ?

ಸಾಮಾನ್ಯವಾಗಿ ಬೇಡ. ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲೇ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ಹೊಸದಾಗಿ ಬಂದವಕ್ಕೆ ತಿನ್ನಲು ಅನ್ನ, ಇರಲು ಜಾಗ ಇಲ್ಲದಿದ್ದರೆ ಕೆಲವೇ ವಾರದಲ್ಲಿ ಸಾಯುತ್ತವೆ. ಅನ್ನ ಇದ್ದರೆ ಇರುವವೇ ಹೆಚ್ಚುತ್ತವೆ.

ಒಂದು ಕಡೆ ಮಾತ್ರ ಪೊಟ್ಟಣ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ಒಂದು ದ್ವಿದಳ ಬೆಳೆಯನ್ನು ಆ ನೆಲದಲ್ಲಿ ಹಿಂದೆಂದೂ ಬೆಳೆಯದಿದ್ದಾಗ. ಒಂದೊಂದು ಗುಂಪಿನ ದ್ವಿದಳಕ್ಕೆ ಅದಕ್ಕೊಪ್ಪುವ ರೈಜೋಬಿಯಂ ಎಂಬ ಬೇರುಗಂಟಿನ ಬ್ಯಾಕ್ಟೀರಿಯಾ ಬೇಕು. ಹೂ ಬಿಡುವ ಹೊತ್ತಿಗೆ ಗಿಡವನ್ನು ಕೀಳದೆ ಅಗೆದು ತೆಗೆದು ಬೇರುಗಂಟನ್ನು ಕತ್ತರಿಸಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಬೇರಿನ ಜೊತೆ ಬಾಳುವ ಮೈಕೊರೈಜಾ ಶಿಲೀಂಧ್ರ ಬಹುಪಾಲು ಗಿಡಗಳಿಗೆ ರಂಜಕ ತಂದುಕೊಡುತ್ತದೆ, ಸಾಸಿವೆ ಮತ್ತು ಕೋಸಿನ ಕುಟುಂಬಕ್ಕೆ ಮಾತ್ರ ಅಲ್ಲ. ರಂಜಕದ ಗೊಬ್ಬರ ಅತಿಯಾದರೆ ಗಿಡವೇ ಈ ನಂಟನ್ನು ಕಡಿಮೆ ಮಾಡಿಕೊಳ್ಳುತ್ತದೆ.

ಎರೆಹುಳ ಎಣಿಸುವುದಾದರೆ ನೆಲ ತೇವವಾಗಿರುವಾಗ 20 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಗಳನ್ನು ನಾಲ್ಕೈದು ಕಡೆ ತೆಗೆಯಿರಿ. ಒಂದು ವರ್ಷದ ಅಂಕಿಗಿಂತ, ಅದೇ ತಿಂಗಳಲ್ಲಿ ವರ್ಷದಿಂದ ವರ್ಷಕ್ಕೆ ಅದು ಏರುತ್ತಿದೆಯೇ ಎಂಬುದು ಮುಖ್ಯ.

ಒಣಹುಲ್ಲು, ಮರದ ಪುಡಿ ಮಣ್ಣಿಗೆ ಸೇರಿಸಿದ ಮೇಲೆ ಗಿಡ ಹಳದಿಯಾಯಿತು. ಯಾಕೆ?

ಸೂಕ್ಷ್ಮಾಣುಗಳು ಗಿಡದ ತುತ್ತು ಕಸಿದುಕೊಂಡವು. ಕೊಳೆಸುವ ಕೆಲಸಕ್ಕೆ ಅವುಗಳಿಗೆ 24 ಭಾಗ ಇಂಗಾಲಕ್ಕೆ ಒಂದು ಭಾಗ ಸಾರಜನಕ ಬೇಕು. ಒಣಹುಲ್ಲಿನಲ್ಲಿ ಈ ಅನುಪಾತ ಸುಮಾರು 80ಕ್ಕೆ 1, ಮರದ ಪುಡಿಯಲ್ಲಿ 400ಕ್ಕೆ 1ರಷ್ಟು. ಕೊರತೆಯ ಸಾರಜನಕವನ್ನು ಅವು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಹುಲ್ಲಾದರೆ ಕೆಲವು ವಾರಗಳಲ್ಲಿ ಮರಳಿ ಬಿಡುತ್ತವೆ, ಮರದ ಪುಡಿಯಾದರೆ ತಿಂಗಳುಗಟ್ಟಲೆ ಕಾಯಬೇಕು.

ಇಂಥವನ್ನು ಮಣ್ಣಿನೊಳಗೆ ಬೆರೆಸದೆ ಮೇಲೆ ಹಾಸಿ. ಆಗ ಜಗಳ ಮೇಲಿನ ಒಂದೆರಡು ಸೆಂ.ಮೀ.ನಲ್ಲೇ ಮುಗಿಯುತ್ತದೆ, ಬೇರಿಗೆ ತಟ್ಟುವುದಿಲ್ಲ. ಬೆರೆಸಲೇಬೇಕಿದ್ದರೆ ದ್ವಿದಳದ ಹಸಿರೆಲೆ ಅಥವಾ ಸಗಣಿಯ ಜೊತೆ, ಬಿತ್ತನೆಗೆ ಒಂದೂವರೆ ಎರಡು ತಿಂಗಳು ಮೊದಲು.

ಜೀವಾಂಶ ಶೇ. 1 ಏರಿದರೆ ಎಕರೆಗೆ ಲಕ್ಷ ಲೀಟರ್ ನೀರು ಉಳಿಯುತ್ತದಂತೆ?

ಇದು ಉಬ್ಬಿಸಿದ ಲೆಕ್ಕ. ಜಗತ್ತಿನ ಸಾವಿರಾರು ಮಣ್ಣುಗಳ ಅಳತೆಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಜೀವಾಂಶದಲ್ಲಿರುವ ಸಾವಯವ ಇಂಗಾಲ ಶೇ. 1 ಏರಿದರೆ ಗಿಡಕ್ಕೆ ಸಿಗುವ ನೀರು 100 ಮಿ.ಮೀ. ಆಳಕ್ಕೆ ಸರಾಸರಿ 1.16 ಮಿ.ಮೀ. ಮಾತ್ರ ಹೆಚ್ಚುತ್ತದೆ. 15 ಸೆಂ.ಮೀ. ಆಳಕ್ಕೆ ಹೆಕ್ಟೇರಿಗೆ ಸುಮಾರು 17,000 ಲೀಟರ್, ಎಕರೆಗೆ 7,000. ಮರಳು ನೆಲದಲ್ಲಿ ಇದಕ್ಕಿಂತ ಹೆಚ್ಚು, ಜೇಡಿಯಲ್ಲಿ ಕಡಿಮೆ.

ಹಾಗೆಂದು ಜೀವಾಂಶ ಬೇಡವೆಂದಲ್ಲ. ಅದರ ದೊಡ್ಡ ಉಪಕಾರ ಹಿಡಿದಿಡುವುದರಲ್ಲಿಲ್ಲ, ಒಳಗೆ ಬಿಡುವುದರಲ್ಲಿದೆ: ಹಕ್ಕಳೆ ಕಟ್ಟದ ನೆಲಕ್ಕೆ ಬಿದ್ದ ಮಳೆ ಹರಿದುಹೋಗದೆ ಇಂಗುತ್ತದೆ. ಅಳೆಯಬೇಕೆಂದರೆ 15 ಸೆಂ.ಮೀ. ವ್ಯಾಸದ ಕೊಳವೆ ತುಂಡನ್ನು ನೆಲಕ್ಕೆ ಅರ್ಧ ಇಳಿಸಿ 440 ಮಿ.ಲೀ. ನೀರು ಸುರಿಯಿರಿ, ಅದು 2.5 ಸೆಂ.ಮೀ. ಮಳೆಗೆ ಸಮ. ಮೊದಲ ಸಲದ್ದು ಇಂಗಿದ ಮೇಲೆ ಎರಡನೇ ಸಲ ಸುರಿದು ಹೊತ್ತು ನೋಡಿ. ಎರಡನೆಯದೇ ನಿಜವಾದ ಅಳತೆ.

## ಪರೀಕ್ಷೆ, ಕಾಯಿಲೆ, ಚಿಕಿತ್ಸೆ

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದು ಹೇಗೆ? ಎರಡು ಸಲ ಕಳಿಸಿದರೆ ಎರಡು ಥರ ಬಂತು.

ತಪ್ಪು ಬಹುಮಟ್ಟಿಗೆ ಪ್ರಯೋಗಾಲಯದಲ್ಲಲ್ಲ, ಮಾದರಿಯಲ್ಲಿರುತ್ತದೆ. ಲಕ್ಷಗಟ್ಟಲೆ ಕಿಲೊ ಮಣ್ಣಿನ ಪರವಾಗಿ ಅಲ್ಲಿಗೆ ಹೋಗುವುದು ಅರ್ಧ ಕಿಲೊ. ಅದರಲ್ಲೂ ಪರೀಕ್ಷೆಗೆ ಬಳಸುವುದು ಕೆಲವೇ ಗ್ರಾಂ.

ಬಣ್ಣ, ಇಳಿಜಾರು, ಬೆಳೆ ಒಂದೇ ಥರ ಇರುವ ಭಾಗಗಳನ್ನು ಬೇರೆ ಬೇರೆ ಮಾಡಿಕೊಳ್ಳಿ. ಒಂದೊಂದರಲ್ಲೂ ಅಂಕುಡೊಂಕಾಗಿ ನಡೆಯುತ್ತಾ 15ರಿಂದ 20 ಕಡೆ ನಿಲ್ಲಿ. ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರದ 15 ಸೆಂ.ಮೀ. ಆಳದ ಗುಂಡಿ ತೆಗೆದು, ಅದರ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕೆತ್ತಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ತಗಡಿನ ಬಕೆಟ್ ಬೇಡ, ಅದರ ಸತು ಪರೀಕ್ಷೆಗೆ ಸೇರಿಕೊಳ್ಳುತ್ತದೆ. ಎಲ್ಲವನ್ನೂ ಬೆರೆಸಿ, ವೃತ್ತವಾಗಿ ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ತೆಗೆದುಬಿಡಿ. ಅರ್ಧ ಕಿಲೊ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ಕಳಿಸಿ.

ಬದುವಿನ ಮೇಲೆ, ಮರದ ಬುಡದಲ್ಲಿ, ಗೊಬ್ಬರದ ರಾಶಿ ಇದ್ದ ಜಾಗದಲ್ಲಿ, ನೀರಿನ ಕಾಲುವೆ ಪಕ್ಕ ತೆಗೆಯಬೇಡಿ. ಗೊಬ್ಬರ ಹಾಕಿ ಮೂರು ತಿಂಗಳಾದರೂ ಆಗಿರಲಿ. ಮರದ ಬೆಳೆಗೆ 30 ಸೆಂ.ಮೀ.ಗೊಂದರಂತೆ 90 ಸೆಂ.ಮೀ. ತನಕ ಬೇರೆ ಬೇರೆ ಮಾದರಿ ಬೇಕು. ವರ್ಷಗಳನ್ನು ಹೋಲಿಸುವುದಿದ್ದರೆ ಅದೇ ತಿಂಗಳು, ಅದೇ ಆಳ, ಅದೇ ಪ್ರಯೋಗಾಲಯ.

ರಸಸಾರ (ಪಿಎಚ್) 5.2 ಬಂದಿದೆ. ಸುಣ್ಣ ಎಷ್ಟು ಹಾಕಲಿ?

ಆ ಅಂಕಿಯೊಂದರಿಂದ ಹೇಳಲಾಗುವುದಿಲ್ಲ. ರಸಸಾರ ತೋರಿಸುವುದು ಮಣ್ಣಿನ ನೀರಿನಲ್ಲಿರುವ ಹುಳಿಯನ್ನು. ಅದಕ್ಕಿಂತ ಎಷ್ಟೋ ಪಟ್ಟು ಹುಳಿ ಜೇಡಿ ಮತ್ತು ಜೀವಾಂಶಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಒಂದೇ ರಸಸಾರದ ಮರಳು ನೆಲಕ್ಕಿಂತ ಜೇಡಿ ನೆಲಕ್ಕೆ ಎರಡು ಮೂರು ಪಟ್ಟು ಸುಣ್ಣ ಬೇಕಾಗಬಹುದು. ವರದಿಯಲ್ಲಿ 'ಸುಣ್ಣದ ಅಗತ್ಯ' ಎಂಬ ಅಂಕಿ ಬೇರೆಯೇ ಇರುತ್ತದೆ, ಅದನ್ನು ಕೇಳಿ ಪಡೆಯಿರಿ.

ಅಳತೆ ಒಂದು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ ಎಂಬುದು ನೆನಪಿರಲಿ. 5.5ರ ಕೆಳಗೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ, ರಂಜಕ ಕಬ್ಬಿಣದ ಜೊತೆ ಸೇರಿ ಗಿಡಕ್ಕೆ ಸಿಗದಾಗುತ್ತದೆ. ಸುಣ್ಣದಕಲ್ಲಿನ ಪುಡಿ ನುಣ್ಣಗಿದ್ದಷ್ಟೂ ಬೇಗ ಕೆಲಸ ಮಾಡುತ್ತದೆ. ಬಿತ್ತನೆಗೆ ಎರಡು ಮೂರು ತಿಂಗಳು ಮೊದಲು ಹರಡಿ 15 ಸೆಂ.ಮೀ. ವರೆಗೆ ಬೆರೆಸಿ. ಯೂರಿಯಾ, ಹಸಿ ಸಗಣಿಯ ಜೊತೆ ಸೇರಿಸಿ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಅತಿಯಾದರೂ ಕೆಡುಕು: 7.5 ದಾಟಿದರೆ ಕಬ್ಬಿಣ, ಸತು ಸಿಗದೆ ಎಳೆ ಎಲೆ ನರ ಹಸಿರಾಗಿ ಉಳಿದು ನಡುವೆ ಹಳದಿಯಾಗುತ್ತದೆ. ಏರಿಸುವುದು ಸುಲಭ, ಇಳಿಸುವುದು ಕಷ್ಟ.

ನೆಲದ ಮೇಲೆ ಬಿಳಿ ಪುಡಿ ಕಾಣುತ್ತಿದೆ. ಜಿಪ್ಸಂ ಹಾಕಿದರೆ ಸರಿಹೋಗುತ್ತದಾ?

ಕಾಯಿಲೆ ಯಾವುದೆಂದು ತಿಳಿಯದೆ ಜಿಪ್ಸಂ ಹಾಕಬೇಡಿ. ಚೌಳು ಬೇರೆ, ಕ್ಷಾರ ಬೇರೆ.

ಚೌಳಿನಲ್ಲಿ ಕರಗುವ ಲವಣ ಹೆಚ್ಚು. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿರುತ್ತದೆ. ಬಿಳಿ ಪುಡಿ ಕಂಡರೂ ಮಣ್ಣು ಸಡಿಲವಾಗಿಯೇ ಇರುತ್ತದೆ. ಇದಕ್ಕೆ ಮದ್ದು ಸಿಹಿನೀರು: 30 ಸೆಂ.ಮೀ. ಆಳದ ಮಣ್ಣಿನ ಮೂಲಕ 30 ಸೆಂ.ಮೀ. ನೀರು ಇಳಿದುಹೋದರೆ ಲವಣದ ಸುಮಾರು ಶೇ. 80 ತೊಳೆದುಹೋಗುತ್ತದೆ. ಆದರೆ ಆ ನೀರು ಹೋಗಲು ದಾರಿ ಬೇಕು. ಬಸಿಗಾಲುವೆ ಇಲ್ಲದೆ ನೀರು ಕಟ್ಟಿದರೆ ಅಂತರ್ಜಲ ಮೇಲೇರಿ, ಬಿಸಿಲಿಗೆ ಲವಣವನ್ನು ಮತ್ತೆ ಮೇಲಕ್ಕೆ ತರುತ್ತದೆ, ಮೊದಲಿಗಿಂತ ಹೆಚ್ಚಾಗಿ.

ಕ್ಷಾರದಲ್ಲಿ ಜೇಡಿ ಕಣಗಳಿಗೆ ಸೋಡಿಯಂ ಅಂಟಿರುತ್ತದೆ, ರಸಸಾರ ಸಾಮಾನ್ಯವಾಗಿ 8.5ರ ಮೇಲೆ. ನೆಲ ಒದ್ದೆಯಾದಾಗ ರಾಡಿ, ಒಣಗಿದಾಗ ಕಲ್ಲು, ನಿಂತ ನೀರು ಎಷ್ಟು ಹೊತ್ತಾದರೂ ಬಗ್ಗಡ. ಸಣ್ಣ ಹೆಂಟೆಯನ್ನು ಅಲುಗಿಸದೆ ಮಳೆನೀರಿನಲ್ಲಿಡಿ. ಒಂದೆರಡು ಗಂಟೆಯಲ್ಲಿ ಸುತ್ತ ಹಾಲಿನಂಥ ಮೋಡ ಕಟ್ಟಿದರೆ ಸೋಡಿಯಂ ಎಂದೇ ತಿಳಿಯಿರಿ. ಇದಕ್ಕೆ ಜಿಪ್ಸಂ ಬೇಕು: ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನೊಂದಿಗೆ ಕೆಳಗಿಳಿಯುತ್ತದೆ. ಎರಡೂ ಕಾಯಿಲೆ ಒಟ್ಟಿಗಿದ್ದರೆ ಮೊದಲು ಜಿಪ್ಸಂ, ಆಮೇಲೆ ನೀರು. ಕ್ರಮ ತಪ್ಪಿಸಿ ಮೊದಲೇ ತೊಳೆದರೆ ಲವಣ ಹೋಗಿ ಸೋಡಿಯಂ ಉಳಿದು ನೆಲ ನೀರೇ ಕುಡಿಯದಂತಾಗುತ್ತದೆ.

ಟ್ರ್ಯಾಕ್ಟರ್ ಓಡಾಡಿ ನೆಲ ಗಟ್ಟಿಯಾಗಿದೆ. ಆಳವಾಗಿ ಉತ್ತರೆ ಆಯಿತಲ್ಲ?

ಮೊದಲು ಗಟ್ಟಿ ಪದರ ಇದೆಯೇ, ಎಷ್ಟು ಆಳದಲ್ಲಿದೆ ನೋಡಿ. ಮಳೆಯಾಗಿ ಒಂದೆರಡು ದಿನದ ಮೇಲೆ ಕಬ್ಬಿಣದ ಸರಳನ್ನು ಒಂದೇ ಸಮ ಒತ್ತುತ್ತಾ ಇಳಿಸಿ. ತಡೆ ಬಂದ ಆಳ ಗುರುತಿಸಿ. ಗುಂಡಿಯಲ್ಲಿ ಬೇರುಗಳು ಒಂದೇ ಮಟ್ಟದಲ್ಲಿ ಅಡ್ಡಕ್ಕೆ ತಿರುಗಿದ್ದರೆ ಅದೇ ಸಾಕ್ಷಿ.

ಪದರ ಒಡೆಯುವುದು ಆ ಆಳದಲ್ಲಿ ಮಣ್ಣು ಒಣಗಿರುವಾಗ ಮಾತ್ರ, ಪದರಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ. ಹಸಿಯಿರುವಾಗ ಇಳಿಸಿದರೆ ಉಪಕರಣ ಬೆಣ್ಣೆಯಲ್ಲಿ ಚಾಕು ಎಳೆದಂತೆ ಸೀಳಿಕೊಂಡು ಹೋಗುತ್ತದೆ, ಪದರ ಬಿರಿಯುವುದಿಲ್ಲ. ಒಡೆದ ಕೂಡಲೇ ಆಳಕ್ಕೆ ಬೇರಿಳಿಸುವ ಬೆಳೆ ಹಾಕಿ. ಬಿರುಕುಗಳನ್ನು ತೆರೆದಿಡುವುದು ಬೇರು. ಹಾಕದಿದ್ದರೆ ಒಂದೆರಡು ಹಂಗಾಮಿಗೆ ಮತ್ತೆ ಅದೇ ಗತಿ.

ಇದಕ್ಕಿಂತ ಒಳ್ಳೆಯದು ನೆಲ ಗಟ್ಟಿಯಾಗಲು ಬಿಡದಿರುವುದು. ಉಳುವ ಆಳದ ಮಣ್ಣು ತೆಗೆದು ಅಂಗೈಯಲ್ಲಿ 3 ಮಿ.ಮೀ. ದಪ್ಪದ ಶಾವಿಗೆಯಂತೆ ಹೊಸೆಯಿರಿ. ಮುರಿಯದೆ ಬಂದರೆ ಹೊಲಕ್ಕೆ ಕಾಲಿಡಬೇಡಿ. ಹಾನಿಯ ಹೆಚ್ಚಿನ ಪಾಲು ಚಕ್ರದ ಮೊದಲ ಓಡಾಟದಲ್ಲೇ ಆಗುತ್ತದೆ, ಹಾಗಾಗಿ ಗಾಡಿ ಓಡಾಡುವ ಜಾಡು ಒಂದೇ ಇರಲಿ.

## ಕಾಪಾಡುವ ಕೆಲಸ

ನಮ್ಮದು ಸಮತಟ್ಟು ನೆಲ. ಸವಕಳಿ ನಮಗೆ ಯಾಕೆ?

ಸವಕಳಿ ಹರಿಯುವ ನೀರಿಗಿಂತ ಮೊದಲೇ, ಬೀಳುವ ಹನಿಯಲ್ಲಿ ಶುರುವಾಗುತ್ತದೆ. 5 ಮಿ.ಮೀ.ನ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬರಿ ನೆಲಕ್ಕೆ ಅಪ್ಪಳಿಸಿ ಕಣಗಳನ್ನು 60 ಸೆಂ.ಮೀ. ಎತ್ತರದ ತನಕ ಚಿಮ್ಮಿಸಬಲ್ಲದು. ಒಡೆದ ಹರಳುಗಳ ನುಣುಪು ಕಣ ರಂಧ್ರಗಳನ್ನು ಮುಚ್ಚುತ್ತದೆ, ಇಂಗಬೇಕಾದ ನೀರು ಹರಿಯತೊಡಗುತ್ತದೆ. ಶೇ. 1ರ ಇಳಿಜಾರೂ ಆಗ ಸಾಕು. ಮಳೆಯ ಮರುದಿನ ಸೊಪ್ಪಿನ ಎಲೆಯಡಿ ಮಣ್ಣು ಸಿಡಿದಿದೆಯೇ, ಬೆಣಚುಕಲ್ಲುಗಳು ಮಣ್ಣಿನ ಪುಟ್ಟ ಕಂಬದ ಮೇಲೆ ನಿಂತಿವೆಯೇ ನೋಡಿ. ಕಂಬದ ಎತ್ತರವೇ ಹೋದ ಮಣ್ಣಿನ ಲೆಕ್ಕ.

ಹೊದಿಕೆ ಎಷ್ಟು ದಪ್ಪ ಇರಬೇಕು?

ಒಣಹುಲ್ಲು 8ರಿಂದ 10 ಸೆಂ.ಮೀ., ಎಲೆ 5ರಿಂದ 8, ಕಾಂಪೋಸ್ಟ್ 3ರಿಂದ 5. ನೆಲ ನೆನೆದ ಮೇಲೆ ಹಾಸಿ. ಒಣ ನೆಲಕ್ಕೆ ದಪ್ಪಗೆ ಹಾಸಿದರೆ ಸಣ್ಣ ಮಳೆ ಹೊದಿಕೆಯಲ್ಲೇ ಮುಗಿಯುತ್ತದೆ. ಕಾಂಡದಿಂದ ಒಂದು ಗೇಣು ದೂರವಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ನೀರು ನಿಲ್ಲುವ ಜೇಡಿ ನೆಲಕ್ಕೆ ತೆಳುವಾಗಿ ಸಾಕು.

ದೊಡ್ಡ ಹೊಲದಲ್ಲಿ ದಪ್ಪಕ್ಕಿಂತ ಎಷ್ಟು ನೆಲ ಮುಚ್ಚಿದೆ ಎಂಬುದು ಮುಖ್ಯ. ಬೆಳೆಯುಳಿಕೆಯಿಂದ ಶೇ. 30 ಮುಚ್ಚಿದರೂ ನೀರಿನ ಸವಕಳಿ ಅರ್ಧದಷ್ಟು ಇಳಿಯುತ್ತದೆ. 15 ಮೀಟರ್ ಹಗ್ಗಕ್ಕೆ ಸಮದೂರದಲ್ಲಿ 100 ಗಂಟು ಹಾಕಿ ಸಾಲುಗಳಿಗೆ ಓರೆಯಾಗಿ ಎಳೆದು, ಎಷ್ಟು ಗಂಟು ಕಡ್ಡಿಕಸದ ಮೇಲೆ ಕೂತಿವೆ ಎಣಿಸಿ. ಅದೇ ಶೇಕಡಾವಾರು.

ಇಳಿಜಾರಿಗೆ ಅಡ್ಡವಾಗಿ ಬದು ಹಾಕಲು ಸಮಮಟ್ಟದ ಗೆರೆ ಗುರುತಿಸುವುದು ಹೇಗೆ?

ಕಣ್ಣಂದಾಜು ಮೋಸ ಮಾಡುತ್ತದೆ. 2 ಮೀಟರಿನ ಎರಡು ಗಳುಗಳನ್ನು ತುದಿಯಲ್ಲಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುಮಟ್ಟಕ್ಕೆ ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಿ. ಈಗ ಎರಡು ಗೂಟದ ಮೇಲೆ ಕಾಲಿಟ್ಟು ದಾರ ಪಟ್ಟಿಯನ್ನು ಮುಟ್ಟಿದ ಕಡೆ ಗುರುತು ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಂದು ಗುರುತು. ಎರಡರ ನಡುಬಿಂದುವೇ ಸಮಮಟ್ಟ.

ಹೊಲದ ಮೇಲ್ತುದಿಯಿಂದ ಶುರು ಮಾಡಿ. ಒಂದು ಕಾಲು ಊರಿ, ದಾರ ನಡುಬಿಂದುವಿಗೆ ಬರುವವರೆಗೆ ಇನ್ನೊಂದನ್ನು ಮೇಲೆ ಕೆಳಗೆ ಸರಿಸಿ ಗೂಟ ಹೊಡೆಯುತ್ತಾ ಸಾಗಿ. ಗಾಳಿಯಿರುವ ಹೊತ್ತು ಬೇಡ. ಎರಡು ಬದುಗಳ ನಡುವೆ ಒಂದು ಮೀಟರ್ ಇಳಿತ ಎಂದಿಟ್ಟುಕೊಂಡರೆ ಶೇ. 5ರ ಇಳಿಜಾರಿನಲ್ಲಿ 20 ಮೀಟರಿಗೊಂದು, ಶೇ. 10ರಲ್ಲಿ 10 ಮೀಟರಿಗೊಂದು ಬದು ಬರುತ್ತದೆ. ಬದುವಿನ ಮೇಲೆ ಲಾವಂಚದ ಸಸಿಗಳನ್ನು 10ರಿಂದ 15 ಸೆಂ.ಮೀ. ಅಂತರದಲ್ಲಿ ಹಚ್ಚಿ, ಸಂದು ಬಿಟ್ಟರೆ ನೀರು ಅಲ್ಲೇ ನುಗ್ಗುತ್ತದೆ. ಹೆಚ್ಚುವರಿ ನೀರಿಗೆ ಹುಲ್ಲು ಬೆಳೆಸಿದ ಕೋಡಿ ಬಿಡದಿದ್ದರೆ ಬದು ತಗ್ಗಿನಲ್ಲಿ ಒಡೆದು, ಬದುವೇ ಇಲ್ಲದಿದ್ದಾಗಿನದಕ್ಕಿಂತ ದೊಡ್ಡ ಕೊರಕಲಾಗುತ್ತದೆ.

ಕೊರಕಲಿಗೆ ಕಲ್ಲು ತುಂಬಿದೆ, ಪಕ್ಕದಲ್ಲೇ ಇನ್ನೊಂದು ಕೊರೆಯಿತು.

ನೀರು ಬರುವುದು ನಿಲ್ಲಿಸದೆ ಕಲ್ಲು ತುಂಬಿದರೆ ಹೀಗೇ. ಕೊರಕಲು ಬೆಳೆಯುವುದು ತಲೆಯ ಕಡೆಗೆ, ಹಾಗಾಗಿ ಮೊದಲು ತಲೆಯ ಮೇಲ್ಗಡೆ ನೀರನ್ನು ಹುಲ್ಲಿರುವ ಕಡೆ ತಿರುಗಿಸಿ. ಆಮೇಲೆ ಒಳಗೆ ಸಾಲಾಗಿ ಗಿಡ್ಡ ಕಲ್ಲಿನ ತಡೆಗಳು: ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಪಾದದ ಮಟ್ಟಕ್ಕಿರಲಿ. ಪ್ರತಿ ತಡೆಯೂ ತಳಕ್ಕೆ, ಎರಡೂ ದಡಕ್ಕೆ 30ರಿಂದ 50 ಸೆಂ.ಮೀ. ಹೂತಿರಬೇಕು, ನಡುಭಾಗ ತಗ್ಗಿರಬೇಕು, ನೀರು ಬೀಳುವ ಕಡೆ ಕಲ್ಲು ಹಾಸಿರಬೇಕು. ನಡು ಎತ್ತರವಾದರೆ ನೀರು ಬದಿ ಕೊರೆಯುತ್ತದೆ. ನೀವು ಕಂಡದ್ದು ಅದನ್ನೇ.

ಗಾಳಿಗೆ ಮಣ್ಣು ಹಾರುತ್ತದೆ, ಗೋಡೆ ಕಟ್ಟಿದರೆ ನಿಲ್ಲುತ್ತದಾ?

ಗಟ್ಟಿ ಗೋಡೆಯ ಹಿಂದೆ ಗಾಳಿ ಸುಳಿದು ಇನ್ನಷ್ಟು ಕೆರೆಯುತ್ತದೆ. ಅರ್ಧದಷ್ಟು ಗಾಳಿ ತೂರಿಹೋಗುವ ಮರಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಕಾಯುತ್ತದೆ. ಆದರೆ ನೆಲ ಬರಿದಾಗಿದ್ದರೆ ಮರಸಾಲೊಂದೇ ಸಾಲದು. 1930ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಹುಲ್ಲುಗಾವಲು ಉತ್ತು ಬರಿದು ಬಿಟ್ಟ ಮೇಲೆ ಬರ ಬಂದು ಧೂಳಿನ ಬಿರುಗಾಳಿಗಳೆದ್ದವು. ಅಲ್ಲಿನ ಮಣ್ಣುತಜ್ಞ ಹ್ಯೂ ಬೆನೆಟ್ ಅವರ ಒತ್ತಾಯದಿಂದ 1935ರ ಏಪ್ರಿಲ್‌ನಲ್ಲಿ ಅಲ್ಲಿ ಮಣ್ಣು ಸಂರಕ್ಷಣೆಗೆಂದೇ ಕಾನೂನು ಬಂತು.

ಉಳುಮೆ ಬಿಟ್ಟೇಬಿಡಬೇಕಾ?

ಎಲ್ಲ ನೆಲಕ್ಕೂ ಒಂದೇ ಉತ್ತರವಿಲ್ಲ. ಉತ್ತಾಗ ಗಾಳಿ ನುಗ್ಗಿ ಜೀವಾಂಶ ಬೇಗ ಉರಿಯುತ್ತದೆ, ಶಿಲೀಂಧ್ರದ ಬಲೆ ಹರಿಯುತ್ತದೆ. ಬಿಟ್ಟರೆ ಸವಕಳಿ ಖಂಡಿತ ಇಳಿಯುತ್ತದೆ. ಆದರೆ ಗಟ್ಟಿ ಪದರವಿರುವ, ಉಳಿಕೆ ಏನೂ ಇಲ್ಲದ ಬರಿ ನೆಲದಲ್ಲಿ ಉಳುಮೆಯನ್ನಷ್ಟೇ ಬಿಟ್ಟರೆ ಮೊದಲ ಎರಡು ಮೂರು ವರ್ಷ ಇಳುವರಿ ಕುಸಿಯುವುದೇ ಹೆಚ್ಚು. ಪದರ ಒಡೆದು, ಹೊದಿಕೆ ಬೆಳೆ ಹಾಕಿ, ಆಮೇಲೆ ಬಿಡಿ. ಕಳೆಯ ಬೀಜ ಕಟ್ಟದಂತೆ ನೋಡಿಕೊಳ್ಳಲು ಆಗದವರಿಗೆ ಆಳ ಕಡಿಮೆ ಮಾಡಿ ಸಾಲಿನಷ್ಟೇ ಉಳುವುದು ನಡುದಾರಿ.

ಮಣ್ಣಿನಲ್ಲಿ ಇಂಗಾಲ ತುಂಬಿ ಹವಾಮಾನ ಸರಿಮಾಡಬಹುದು ಅಂತಾರೆ, ಎಷ್ಟು ನಿಜ?

ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಸುಮಾರು 1500 ಶತಕೋಟಿ ಟನ್ ಸಾವಯವ ಇಂಗಾಲವಿದೆ. ವಾತಾವರಣದಲ್ಲಿರುವುದಕ್ಕಿಂತ ಬಹಳ ಹೆಚ್ಚು. ಆದರೆ ತುಂಬುವುದಕ್ಕೆ ಮಿತಿಯಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ನಡೆದಿರುವ ಪ್ರಯೋಗದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 35 ಟನ್ ಕೊಟ್ಟಿಗೆ ಗೊಬ್ಬರ ಹಾಕಿದ ತಾಕಿನಲ್ಲಿ ಇಂಗಾಲ ದುಪ್ಪಟ್ಟಿಗೂ ಹೆಚ್ಚಾಯಿತು. ಮೊದಲ ದಶಕಗಳಲ್ಲಿ ವೇಗವಾಗಿ, ಆಮೇಲೆ ತೀರ ನಿಧಾನವಾಗಿ. ಅಷ್ಟು ಗೊಬ್ಬರ ಎಲ್ಲ ನೆಲಕ್ಕೂ ಎಲ್ಲಿಂದ? ಹಾಕುವುದು ನಿಲ್ಲಿಸಿದರೆ ಕೂಡಿಟ್ಟದ್ದು ಕರಗುತ್ತದೆ. ಇರುವುದನ್ನು ಕಳೆಯದಿರುವುದೇ, ಅದರಲ್ಲೂ ಜೌಗಿನ ನೆಲವನ್ನು ಬಸಿದು ಒಣಗಿಸದಿರುವುದೇ, ದೊಡ್ಡ ಗಳಿಕೆ ಎಂಬುದು ನಮ್ಮ ತೀರ್ಮಾನ.

ಕಟ್ಟಡದ ಕೆಲಸ ಶುರುವಾಗುತ್ತಿದೆ. ಮೇಲ್ಮಣ್ಣು ಉಳಿಸಿಕೊಳ್ಳುವುದು ಹೇಗೆ?

ನೆಲ ಒಣಗಿರುವಾಗ, ಬಣ್ಣ ಬದಲಾಗುವ ಆಳದವರೆಗೆ ಮಾತ್ರ ಕೆತ್ತಿ ತೆಗೆಯಿರಿ. ಕೆಳಮಣ್ಣಿನ ರಾಶಿ ಬೇರೆ ಇರಲಿ. ಬೆರೆತರೆ ಮತ್ತೆ ಬೇರ್ಪಡಿಸಲಾಗದು. ರಾಶಿ 2 ಮೀಟರಿಗಿಂತ ಎತ್ತರ ಬೇಡ, ಒಳಗೆ ಗಾಳಿಯಿಲ್ಲದೆ ಜೀವಿಗಳು ಸಾಯುತ್ತವೆ. ಅದರ ಮೇಲೆ ಗಾಡಿ ಹತ್ತಿಸಬೇಡಿ. ಒಂದೆರಡು ತಿಂಗಳಿಗಿಂತ ಹೆಚ್ಚು ಇಡುವುದಾದರೆ ದ್ವಿದಳ ಅಥವಾ ಹುಲ್ಲು ಬಿತ್ತಿ ಮುಚ್ಚಿ. ಸಿಮೆಂಟು ತೊಳೆದ ನೀರು ಅತ್ತ ಹರಿಯದಿರಲಿ, ಅದು ಬಲವಾದ ಕ್ಷಾರ.

ಮರಳಿ ಹಾಕುವ ಮೊದಲು ಯಂತ್ರಗಳು ತುಳಿದ ತಳವನ್ನು 30 ಸೆಂ.ಮೀ. ಸಡಿಲಿಸಿ, ಜಲ್ಲಿ ಗಾರೆಯ ಚೂರು ಹೆಕ್ಕಿ. ಇದನ್ನು ಬಿಟ್ಟು ಮೇಲೆ ಮಣ್ಣು ಸುರಿದರೆ ನೀರು ಎರಡರ ನಡುವೆ ನಿಂತು ಬೇರು ಕೊಳೆಯುತ್ತದೆ. ಮೇಲ್ಮಣ್ಣನ್ನು 15ರಿಂದ 30 ಸೆಂ.ಮೀ. ದಪ್ಪ ಹರಡಿ, ರೋಲರ್ ಹೊಡೆಯಬೇಡಿ. ಒಂದೆರಡು ಮಳೆಗೆ ತಾನಾಗಿ ತಗ್ಗುತ್ತದೆ, ಆದ್ದರಿಂದ ಬೇಕಾದ ಮಟ್ಟಕ್ಕಿಂತ ಐದನೇ ಒಂದು ಭಾಗ ಹೆಚ್ಚೇ ಹಾಕಿ, ಅದೇ ವಾರ ಬಿತ್ತಿ.